ಫೋರ್ ಬೈ ಫೋರ್‌ಗೇ ಹೆಸರಾದ ಕಂಪನಿ ಟೂ ವೀಲ್ ಡ್ರೈವ್ ಮಾರಬೇಕೇ? ಶಿರಸಿ ಕಡೆಯ ಮಣ್ಣು ರಸ್ತೆಗೆ ಯಾವುದು ಸಾಕು?

ಸೊಪ್ಪಿನಬೆಟ್ಟ (ಪ್ರಶ್ನೆ; ಬರೆದವರ ಅಡ್ಡಹೆಸರು ಆಯಾ ಬರಹದ ಮೇಲಿದೆ)

ಮಹೀಂದ್ರ ಥಾರ್‌ನ ಹೊಸ ರೂಪ 2020ರ ಅಕ್ಟೋಬರ್‌ನಲ್ಲಿ ಬಂದಾಗ ಫೋರ್ ಬೈ ಫೋರ್ (ನಾಲ್ಕೂ ಚಕ್ರ ಎಳೆಯುವುದು) ಒಂದೇ ಇತ್ತು. 2023ರ ಜನವರಿಯಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್ ಬಂತು, 9.99 ಲಕ್ಷದಿಂದ ಶುರು. ಅದೇ ವರ್ಷ ಜೂನ್‌ನಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿ ಮಾತ್ರ ಫೋರ್ ಬೈ ಫೋರ್ ಒಂದರಲ್ಲೇ ಬಂತು. ಹೊರದೇಶದಲ್ಲಿ ಸುಬಾರು ಬಗ್ಗೆಯೂ ಇದೇ ಜಗಳ: ನಾಲ್ಕು ಚಕ್ರದಿಂದಲೇ ಹೆಸರು ಮಾಡಿದವರು ಎರಡು ಚಕ್ರದ್ದು ಮಾರಿದರೆ ಹೆಸರು ಕೆಡುತ್ತದೋ, ಗಿರಾಕಿ ಹೆಚ್ಚುತ್ತಾರೋ?

ಚರ್ಚೆ ಗಾಳಿಯಲ್ಲಿ ಹೋಗದಿರಲಿ ಎಂದು ಬಳಕೆಯ ವಿವರ ಕೊಡುತ್ತೇನೆ. ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ಡಾಂಬರು ಮುಗಿದ ಮೇಲೆ ತೋಟದವರೆಗೆ ಒಂದೂವರೆ ಕಿ.ಮೀ. ಮಣ್ಣು ದಾರಿ. ನಡುವೆ ಒಂದು ಹಳ್ಳ, ಮಳೆಗಾಲದಲ್ಲಿ ಮೊಳಕಾಲುದ್ದ ನೀರು. ಆಮೇಲೆ 60 ಮೀಟರ್ ಏರು: ಕೆಂಪು ಜೇಡಿ, ಎರಡೂ ಬದಿ ಧರೆ (ಕಡಿದ ಮಣ್ಣಿನ ಗೋಡೆ), ಮೇಲಿಂದ ಬಿದ್ದ ದರಕು (ಒಣ ಎಲೆ). ಹೊರೆ 200ರಿಂದ 250 ಕೆ.ಜಿ., ಗೊಬ್ಬರ ಇಲ್ಲವೇ ಅಡಿಕೆ. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾ. ಇದಕ್ಕೆ ಟೂ ವೀಲ್ ಸಾಕೇ? ಜಿಮ್ನಿಯೂ ಟೂ ವೀಲ್ ಕೊಟ್ಟರೆ ಅಗ್ಗ ಆಗುವುದಿಲ್ಲವೇ?

ದೇವಿಮನೆ ತಿರುವು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ. ನಮ್ಮ ದೇಶದಲ್ಲಿ ಬೆಲೆ ನಿರ್ಧಾರ ಮಾಡುವುದು ಎಷ್ಟು ಚಕ್ರ ತಿರುಗುತ್ತವೆ ಎನ್ನುವುದಲ್ಲ, ಎಂಜಿನ್ ಎಷ್ಟು ಸಿಸಿ ಎನ್ನುವುದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಹೀಗಿದೆ: ಉದ್ದ 4 ಮೀಟರ್ ಒಳಗಿರಬೇಕು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಹಾಗಿದ್ದರೆ ಶೇ 18. ಒಂದು ತಪ್ಪಿದರೂ ಶೇ 40. ಹಳೆಯ ಸೆಸ್ ಪದ್ಧತಿಯಲ್ಲೂ ಗೆರೆ ಇದೇ ಇತ್ತು.

ಥಾರ್ ಉದ್ದ 3985 ಮಿ.ಮೀ. ಫೋರ್ ಬೈ ಫೋರ್ ಡೀಸೆಲ್‌ಗೆ ಇರುವುದು 2.2 ಲೀಟರ್ ಎಂಜಿನ್, ಹಾಗಾಗಿ ಅದು ಶೇ 40ರಲ್ಲಿ. ಟೂ ವೀಲ್ ಡೀಸೆಲ್‌ಗೆ 1.5 ಲೀಟರ್ ಹಾಕಿದರು, ಅದು ಶೇ 18ರಲ್ಲಿ. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಎರಡಕ್ಕೂ 300 ಎನ್‌ಎಂ. ಅಂದರೆ ಜನ ‘ಮುಂದಿನ ಆ್ಯಕ್ಸಲ್ ತೆಗೆದದ್ದಕ್ಕೆ ಇಷ್ಟು ಅಗ್ಗ’ ಅಂದುಕೊಂಡದ್ದರಲ್ಲಿ ಬಹುಪಾಲು ತೆರಿಗೆಯ ಕೈಚಳಕ. ಅದೇ ಥಾರ್‌ನ 2 ಲೀಟರ್ ಪೆಟ್ರೋಲ್ ಟೂ ವೀಲ್‌ಗೆ ಈ ಲಾಭ ಇಲ್ಲ ನೋಡಿ.

ಈಗ ಜಿಮ್ನಿ. ಅದರ ಉದ್ದವೂ 3985 ಮಿ.ಮೀ., ಆದರೆ ಎಂಜಿನ್ 1462 ಸಿಸಿ ಪೆಟ್ರೋಲ್. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ), ಮುಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಹಂಚುವ ಗೇರ್), ಶಾಫ್ಟ್ ಎಲ್ಲ ಕಿತ್ತರೂ ಶೇ 40 ಹಾಗೇ ಉಳಿಯುತ್ತದೆ. ಉಳಿಯುವುದು ಭಾಗಗಳ ಖರ್ಚು ಮಾತ್ರ. ಅಷ್ಟಕ್ಕೆ ಆ ಗಾಡಿಯ ಜೀವವನ್ನೇ ತೆಗೆದಂತೆ. ನನ್ನ ಮಟ್ಟಿಗೆ ಥಾರ್ ಟೂ ವೀಲ್‌ಗೆ ಅರ್ಥ ಇದೆ, ಜಿಮ್ನಿ ಟೂ ವೀಲ್‌ಗೆ ಇಲ್ಲ.

ಇನ್ನು ನಿಮ್ಮ ಏರು. ಒದ್ದೆ ಜೇಡಿಯಲ್ಲಿ ಟೈರಿನ ಹಿಡಿತದ ಗುಣಾಂಕ 0.3 ಅಂತ ಇಟ್ಟುಕೊಳ್ಳಿ. ನಾಲ್ಕೂ ಚಕ್ರ ಎಳೆದರೆ ಗಾಡಿಯ ಪೂರ್ತಿ ತೂಕ ಕೆಲಸಕ್ಕೆ ಬರುತ್ತದೆ, ಶೇ 30 ಇಳಿಜಾರು (100 ಮೀಟರಿಗೆ 30 ಮೀಟರ್ ಏರು) ಹತ್ತಬಹುದು. ಹಿಂದಿನ ಎರಡೇ ಎಳೆದರೆ, ತೂಕ ಅರ್ಧರ್ಧ ಹಂಚಿದ್ದರೆ, ಏರಿನಲ್ಲಿ ಹಿಂದಕ್ಕೆ ವಾಲುವ ಭಾರವನ್ನೂ ಸೇರಿಸಿ ಶೇ 16. ಮುಂದಿನ ಚಕ್ರ ಎಳೆಯುವ, ಶೇ 60 ಭಾರ ಮುಂದಿರುವ ಸಾಮಾನ್ಯ ಕಾರೂ ಖಾಲಿಯಿದ್ದಾಗ ಹೆಚ್ಚುಕಡಿಮೆ ಅಷ್ಟೇ ಹತ್ತುತ್ತದೆ. ವ್ಯತ್ಯಾಸ ಕಾಣುವುದು ಹೊರೆ ಹಾಕಿದಾಗ: ಹಿಂದೆ 250 ಕೆ.ಜಿ. ಬಿದ್ದರೆ ಹಿಂಚಕ್ರದ ಗಾಡಿ ಶೇ 19ರ ಹತ್ತಿರ ಹೋಗುತ್ತದೆ, ಮುಂಚಕ್ರದ್ದು ಶೇ 14ಕ್ಕೆ ಇಳಿಯುತ್ತದೆ. ಕೆಸರಿನ ಎಳೆತಕ್ಕೆ ಎಲ್ಲದರಲ್ಲೂ ನಾಲ್ಕೈದು ಕಳೆಯಿರಿ. ಹಾಗಾಗಿ ‘ಟೂ ವೀಲ್’ ಅಂತ ಒಂದೇ ಬುಟ್ಟಿಗೆ ಹಾಕಬೇಡಿ. ಅಡಿಕೆ ಚೀಲ ಹೊರುವವರಿಗೆ ಹಿಂಚಕ್ರವೇ ಸರಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅದನ್ನು ಯಾರೂ ಕೇಳುವುದಿಲ್ಲ. ಹಿಂಚಕ್ರದ ಗಾಡಿಯನ್ನು ಮೊದಲ ಗೇರ್‌ನಲ್ಲಿ ಇಳಿಸುವಾಗ ಎಂಜಿನ್‌ನ ತಡೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಸಿಗುತ್ತದೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರ ಆಗಿರುತ್ತದೆ. ಹಸಿ ಜೇಡಿಯಲ್ಲಿ ಹಿಂಭಾಗ ನಿಧಾನಕ್ಕೆ ಅಡ್ಡ ಬಂದು ಧರೆಗೆ ಒರಗುವುದು ಹೀಗೇ. 4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್, ಅಂದರೆ ಲೋ ರೇಂಜ್) ಹಾಕಿದರೆ ಅದೇ ತಡೆ ನಾಲ್ಕು ಚಕ್ರಕ್ಕೆ ಹಂಚುತ್ತದೆ, ವೇಗವೂ ಅರ್ಧ. ಜಿಮ್ನಿ ಮ್ಯಾನುವಲ್‌ನಲ್ಲಿ ಮೊದಲ ಗೇರ್‌ಗೆ 1000 ಆರ್‌ಪಿಎಂನಲ್ಲಿ ಸುಮಾರು 7 ಕಿ.ಮೀ. ವೇಗ; ಲೋ ಹಾಕಿದರೆ ಮೂರೂವರೆ. ಬ್ರೇಕ್ ಮುಟ್ಟುವ ಪ್ರಸಂಗವೇ ಇಲ್ಲ. ಟೂ ವೀಲ್ ತಗೊಳ್ಳುವುದಾದರೆ ಹಿಲ್ ಡಿಸೆಂಟ್ ಕಂಟ್ರೋಲ್ ಇರುವ ವೇರಿಯಂಟ್ ನೋಡಿ. ಅದು ಎಬಿಎಸ್ ಮೂಲಕ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಡುತ್ತದೆ, ಲೋ ರೇಂಜ್‌ಗೆ ಪೂರ್ತಿ ಬದಲಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಕೆಲಸ ನಡೆಯುತ್ತದೆ.

ಕಾಳಿ ಸಂಗಮ

ತೆರಿಗೆ ಲೆಕ್ಕ ಒಪ್ಪಿದೆ. ಆದರೆ ಜಿಮ್ನಿ ಬಗ್ಗೆ ಒಂದು ದಾರಿ ಬಿಟ್ಟಿರಿ. ಅದೇ ಕಂಪನಿ ಫ್ರಾಂಕ್ಸ್‌ಗೆ ಹಾಕುವ 998 ಸಿಸಿ ಟರ್ಬೊ ಎಂಜಿನ್ 147 ಎನ್‌ಎಂ ಕೊಡುತ್ತದೆ, ಜಿಮ್ನಿಯ ಈಗಿನ ಎಂಜಿನ್ 134. ಅದನ್ನು ಕೂರಿಸಿದರೆ ಶೇ 18ರೊಳಗೆ ಬರುತ್ತದೆ, ಅದೂ ಫೋರ್ ಬೈ ಫೋರ್ ಇಟ್ಟುಕೊಂಡೇ. ಟೂ ವೀಲ್ ಮಾಡುವ ಗೋಜೇ ಬೇಡ. ತೊಡಕು ಏನೆಂದರೆ ಫ್ರಾಂಕ್ಸ್‌ನಲ್ಲಿ ಆ ಎಂಜಿನ್ ಅಡ್ಡ ಕೂತಿದೆ, ಜಿಮ್ನಿಗೆ ಉದ್ದಕ್ಕೆ ಕೂರಬೇಕು. ಮೌಂಟ್, ಗೇರ್‌ಬಾಕ್ಸ್ ಬೆಲ್ ಹೌಸಿಂಗ್, ಟರ್ಬೊ ಪೈಪಿನ ದಾರಿ ಎಲ್ಲ ಹೊಸದಾಗಿ ಮಾಡಬೇಕು. ಮಾಡಬಾರದ್ದೇನಲ್ಲ.

ಸುಬಾರು ವಿಷಯಕ್ಕೆ ಬರೋಣ, ಅದನ್ನು ಥಾರ್ ಜೊತೆ ಹೋಲಿಸುವುದೇ ತಪ್ಪು. 1972ರಲ್ಲಿ ಲಿಯೋನ್ ವ್ಯಾಗನ್‌ಗೆ ನಾಲ್ಕು ಚಕ್ರದ ಎಳೆತ ಕೊಟ್ಟಾಗ ಅದು ಮುಂಚಕ್ರದ ಕಾರಿಗೆ ಸೇರಿಸಿದ ಸೌಲಭ್ಯ. ಅಮೆರಿಕದಲ್ಲಿ ಪೂರ್ತಿ ಆಲ್ ವೀಲ್ ಡ್ರೈವ್‌ಗೆ ಹೊರಳಿದ್ದು 1996ರ ಮಾಡೆಲ್ ವರ್ಷಕ್ಕೆ. ಅದಕ್ಕೂ ಮುಂಚೆ ಎರಡು ಚಕ್ರದ್ದನ್ನೂ ಮಾರುತ್ತಿದ್ದರು. ಜಪಾನಿನಲ್ಲಿ ಇಂಪ್ರೆಝಾ ಮುಂಚಕ್ರದಲ್ಲೂ ಸಿಗುತ್ತದೆ. 2012ರಲ್ಲಿ ಬಂದ ಬಿಆರ್‌ಝಡ್ ಹಿಂಚಕ್ರದ್ದು, ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ, ಯಾಕೆಂದರೆ ಅದು ಬೇರೆಯೇ ಕಾರು. ಲ್ಯಾಂಡ್ ರೋವರ್ ಕೂಡ ಫ್ರೀಲ್ಯಾಂಡರ್ 2, ಇವೋಕ್‌ಗಳಲ್ಲಿ ಎರಡು ಚಕ್ರದ್ದನ್ನು ಕೊಟ್ಟಿತ್ತು. ಹೆಸರೇನೂ ಮುಳುಗಲಿಲ್ಲ.

ಸುಬಾರುವಿನ ಬಾಕ್ಸರ್ ಎಂಜಿನ್ (ಪಿಸ್ಟನ್‌ಗಳು ಎಡಬಲಕ್ಕೆ ಮಲಗಿರುವುದು) ಉದ್ದಕ್ಕೆ ಕೂತು, ಅದರ ಹಿಂದೆ ಗೇರ್‌ಬಾಕ್ಸ್ ನೇರವಾಗಿ ಹೊರಡುತ್ತದೆ. ಹಿಂದಕ್ಕೆ ಶಕ್ತಿ ಒಯ್ಯುವುದು ಅಲ್ಲಿ ಸಹಜ, ತೆಗೆದರೆ ಉಳಿತಾಯ ಕಡಿಮೆ. ಅಡ್ಡ ಎಂಜಿನ್‌ನ ಕಾರಿನಲ್ಲಾದರೆ ಉಲ್ಟಾ, ಅಲ್ಲಿ ಹಿಂದಕ್ಕೆ ಒಯ್ಯಲು ಪವರ್ ಟೇಕಾಫ್, ಕಪ್ಲಿಂಗ್ ಎಲ್ಲ ಹೆಚ್ಚುವರಿ. ಒಂದು ಕಂಪನಿ ಟೂ ವೀಲ್ ಕೊಡಬೇಕೇ ಎನ್ನುವುದನ್ನು ಬಾನೆಟ್ ಎತ್ತಿ ನೋಡಿ ಹೇಳಬೇಕು, ಬ್ಯಾಡ್ಜ್ ನೋಡಿ ಅಲ್ಲ.

ಅಂದ ಹಾಗೆ ಸುಬಾರು ಫಾರೆಸ್ಟರ್ ಇಲ್ಲಿ ಸಿಗುತ್ತಿತ್ತು, 2000ದ ದಶಕದಲ್ಲಿ ಷೆವರ್ಲೆ ಹೆಸರು ಹೊತ್ತು. ಈಗ ಯಾರಾದರೂ ಹಳೆಯದನ್ನು ತೋರಿಸಿದರೆ ಟೈರ್ ನೋಡಿ ಮುಟ್ಟಿ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಟೈರ್‌ಗಳ ಸುತ್ತಳತೆ ಹೆಚ್ಚೆಂದರೆ 6 ಮಿ.ಮೀ. ವ್ಯತ್ಯಾಸ ಇರಬಹುದು. ಮೀರಿದರೆ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಸೆಂಟರ್ ಕಪ್ಲಿಂಗ್ ಬಿಡುವಿಲ್ಲದೆ ಜಾರಿ ಬಿಸಿಯಾಗಿ ಸಾಯುತ್ತದೆ. ಚಿರೇಕಲ್ಲಿನ ಅಂಚಿಗೆ ಒಂದು ಟೈರಿನ ಪಕ್ಕೆ ಸೀಳಿದರೆ ನಾಲ್ಕೂ ಬದಲಿಸಬೇಕಾದ ಪರಿಸ್ಥಿತಿ. ಥಾರ್, ಜಿಮ್ನಿಗೆ ಈ ತಲೆನೋವು 2ಎಚ್‌ನಲ್ಲಿ (ಹಿಂಚಕ್ರ ಮಾತ್ರ ಎಳೆಯುವಾಗ) ಇಲ್ಲ. 4ಎಚ್ (ಸಾಮಾನ್ಯ ವೇಗದಲ್ಲಿ ನಾಲ್ಕೂ ಚಕ್ರ) ಹಾಕಿದಾಗ ಮಾತ್ರ ಇದೆ.

ಕರಾವಳಿಯವರಿಗೆ ಬೇರೆ ಮಾತು. ಕಾರವಾರ, ಅಂಕೋಲಾ, ಕುಮಟಾದ ಬಯಲಿನಲ್ಲಿ ಓಡಾಡುವವರಿಗೆ ಇಳಿಜಾರೇ ಇಲ್ಲ, ಇರುವುದು ನೀರು, ಉಪ್ಪು, ಹೊಯ್ಗೆ (ಮರಳು). ಗಜನಿ (ಉಪ್ಪುನೀರಿನ ಗದ್ದೆ) ಒಡ್ಡಿನ ಮೇಲೆ ಹೋಗುವವರಿಗೆ ಬೇಕಾದದ್ದು ಗ್ರೌಂಡ್ ಕ್ಲಿಯರೆನ್ಸ್ ಮತ್ತು ಕಿರಿದಾದ ಗಾಡಿ. ಹೊಯ್ಗೆಯ ದಾರಿಗೆ ಟೈರ್ ಗಾಳಿ 32ರಿಂದ 18 ಪಿಎಸ್‌ಐಗೆ ಇಳಿಸಿದರೆ ಹಿಂಚಕ್ರದ ಗಾಡಿಯೂ ಹೋಗುತ್ತದೆ. ಡಾಂಬರಿಗೆ ಬಂದ ತಕ್ಷಣ ತುಂಬಬೇಕು, ಇಲ್ಲದಿದ್ದರೆ ಪಕ್ಕೆ ಮಡಚಿ ಟೈರ್ ಹಾಳು. (ಕಡಲ ದಂಡೆ ಮೇಲೆ ಗಾಡಿ ಓಡಿಸುವ ಮಾತು ಇಲ್ಲಿ ಯಾರೂ ತೆಗೆಯಬೇಡಿ ಮಾರಾಯ್ರೆ, ಅದು ಆಟ ಅಲ್ಲ.)

ಉಪ್ಪುಗಾಳಿಯಲ್ಲಿ ಫೋರ್ ಬೈ ಫೋರ್ ಅಂದರೆ ತುಕ್ಕಿಗೆ ಇನ್ನಷ್ಟು ಆಹಾರ. ಜಿಮ್ನಿಯ ಮುಂದಿನ ಹಬ್‌ಗಳು (ಚಕ್ರವನ್ನು ಶಾಫ್ಟಿಗೆ ಜೋಡಿಸುವ ಭಾಗ) ವ್ಯಾಕ್ಯೂಮ್‌ನಿಂದ ಕೂಡಿಕೊಳ್ಳುತ್ತವೆ. ರಬ್ಬರ್ ಪೈಪು ಒಡೆದರೆ, ಸೀಲ್ ಹೋದರೆ ಗಾಳಿ ಸೋರಿ ಹಬ್ ಹಿಡಿಯುವುದಿಲ್ಲ, ಡ್ಯಾಶ್‌ನ ಫೋರ್ ವೀಲ್ ಗುರುತು ಮಿಣುಕುತ್ತಲೇ ಇರುತ್ತದೆ. ಲಿವರ್ 4ಎಚ್‌ನಲ್ಲಿದೆ, ಮುಂದಿನ ಚಕ್ರ ಮಾತ್ರ ಸುಮ್ಮನಿದೆ. ವರ್ಷಕ್ಕೆ ಹತ್ತು ಸಲವೂ ಆ ಲಿವರ್ ಮುಟ್ಟದವರು ಟೂ ವೀಲ್ ತಗೊಳ್ಳುವುದೇ ಜಾಣತನ. ಅಂಥವರಿಗಾಗಿ ಕಂಪನಿ ಅದನ್ನು ಕೊಡಬೇಕು.

ಚಿರೇಕಲ್ಲು

ಪ್ರಶ್ನೆ ಕೇಳಿದವರಿಗೆ: ಏರಿನ ಇಳಿಜಾರು ಅಳೆದಿದ್ದೀರಾ? ಕಣ್ಣಿಗೆ ಎಲ್ಲ ಏರೂ ಶೇ 30 ಅನಿಸುತ್ತದೆ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಸಾಕು. ದಾರಿಯುದ್ದಕ್ಕೆ 10 ಮೀಟರ್ ಹಗ್ಗ ಹಿಡಿದು, ಮೇಲಿನ ತುದಿ ಕೆಳಗಿನದಕ್ಕಿಂತ ಎಷ್ಟು ಎತ್ತರ ನೋಡಿ. 1.6 ಮೀಟರ್ ಬಂದರೆ ಶೇ 16. ಪ್ರತಿ 10 ಮೀಟರಿಗೂ ಬೇರೆ ಬೇರೆ ಅಳೆಯಿರಿ, ಒಟ್ಟು ಸರಾಸರಿಯಿಂದ ಉಪಯೋಗ ಇಲ್ಲ. ಗಾಡಿ ನಿಲ್ಲುವುದು ಅತಿ ಕಡಿದಾದ ತುಣುಕಿನಲ್ಲಿ.

ಇನ್ನೊಂದು, ‘ಟೂ ವೀಲ್ ಜೀಪು ಜೀಪೇ ಅಲ್ಲ’ ಅನ್ನುವವರಿಗೆ: ಮಲೆನಾಡಿನಲ್ಲಿ ವರ್ಷಗಟ್ಟಲೆ ಗೊಬ್ಬರ, ಅಡಿಕೆ, ಮದುವೆ ದಿಬ್ಬಣ ಎಲ್ಲ ಹೊತ್ತ ಕಮಾಂಡರ್, ಮಾರ್ಷಲ್‌ಗಳಲ್ಲಿ ಎಷ್ಟೋ ಹಿಂಚಕ್ರದವೇ. ಹಿಂದಿನ ಎರಡು ಟೈರಿಗೆ ಸರಪಳಿ ಕಟ್ಟಿ ಮಳೆಗಾಲ ಕಳೆದವು. ಸರಪಳಿ ಇವತ್ತಿಗೂ ಆಗುತ್ತದೆ. ಏಣಿಯಂತೆ ಅಡ್ಡಕೊಂಡಿ ಇರುವುದು ತಗೊಳ್ಳಿ. ಕಟ್ಟುವ ಮುಂಚೆ ಒಳಬದಿಯ ಬ್ರೇಕ್ ಪೈಪಿಗೂ ಮಡ್‌ಗಾರ್ಡಿಗೂ ತಾಗುವುದಿಲ್ಲ ಎಂದು ಚಕ್ರ ಎತ್ತಿ ತಿರುಗಿಸಿ ನೋಡಬೇಕು. 50 ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು, ಮೊದಲ ಸಲ ಕಟ್ಟಿದ್ದು ಸಡಿಲ ಆಗಿಯೇ ಆಗುತ್ತದೆ. 20 ಕಿ.ಮೀ. ವೇಗ ದಾಟಬಾರದು, ಡಾಂಬರಿಗೆ ಬರುವ ಮುಂಚೆ ಬಿಚ್ಚಬೇಕು.

ಸೊಪ್ಪಿನಬೆಟ್ಟ

ಅಳೆದಾಯಿತು. ಕೆಳಗಿನಿಂದ ಮೇಲಕ್ಕೆ ಹತ್ತತ್ತು ಮೀಟರಿಗೆ: 1.1, 1.2, 2.1, 2.0, 1.3, 1.0. ಅಂದರೆ 20 ಮೀಟರ್ ಮಾತ್ರ ಶೇ 20 ಇಲ್ಲವೇ ಅದಕ್ಕಿಂತ ಹೆಚ್ಚು. ಹಳ್ಳದ ನೀರು ಆಳದಲ್ಲಿ 45 ಸೆ.ಮೀ., ತಳ ಕಲ್ಲು, ಜೇಡಿ ಅಲ್ಲ.

ಎರಡು ಸಂಶಯ. ಈಗ ಟೂ ವೀಲ್ ಥಾರ್ ತಗೊಂಡು ಮುಂದೆ ಬೇಕಾದರೆ ಫೋರ್ ಬೈ ಫೋರ್ ಮಾಡಿಸಬಹುದೇ? ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ 4ಎಚ್ ಹಾಕಿಕೊಂಡರೆ ಹಿಡಿತ ಹೆಚ್ಚುತ್ತದೆಯೇ?

ದೇವಿಮನೆ ತಿರುವು

ಮೊದಲನೆಯದಕ್ಕೆ ಬೇಡ ಅಂತ ಒಂದೇ ಮಾತು. ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಹಾಫ್ ಶಾಫ್ಟ್, ಹಬ್, ಅಡಿಯ ಬ್ರಾಕೆಟ್‌ಗಳು ಬೇಕು, ಎಬಿಎಸ್ ಮತ್ತು ಇಎಸ್‌ಪಿಗೆ (ಗಾಡಿ ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ಹೊಸ ಲೆಕ್ಕ ಕೂರಿಸಬೇಕು. ಎಲ್ಲ ಸಿಕ್ಕರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ. ವಿಮೆ ಕ್ಲೇಮ್ ಹೊತ್ತಿಗೆ ಅದೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ಟೂ ವೀಲ್ ಕೊಂಡರೆ ಅದು ಸಾಯುವ ತನಕ ಟೂ ವೀಲ್.

ಎರಡನೆಯದು ಇದಕ್ಕಿಂತ ಮುಖ್ಯ. ಘಟ್ಟದ ಡಾಂಬರಿನಲ್ಲಿ 4ಎಚ್ ಬೇಡ. ಥಾರ್, ಜಿಮ್ನಿ ಎರಡಕ್ಕೂ ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹೊಡೆಯುತ್ತದೆ, ಹಿಂದಿನದು ಚಿಕ್ಕದು. ಆ ವ್ಯತ್ಯಾಸ ಮಣ್ಣಿನಲ್ಲಿ ಟೈರ್ ಜಾರಿ ಬಿಡುಗಡೆ ಆಗುತ್ತದೆ. ಹಿಡಿತ ಇರುವ ಡಾಂಬರಿನಲ್ಲಿ ಎಲ್ಲಿಗೂ ಹೋಗದೆ ಶಾಫ್ಟ್‌ಗಳ ಮಧ್ಯೆ ಮುರಿಗೆಯಾಗಿ ಕೂರುತ್ತದೆ. ಸ್ಟೇರಿಂಗ್ ಭಾರ, ಕಡಿದಾದ ತಿರುವಿನಲ್ಲಿ ಗಾಡಿ ನೇರಕ್ಕೆ ಎಳೆಯುವುದು, ಆಮೇಲೆ ಲಿವರ್ 2ಎಚ್‌ಗೆ ಬಾರದೆ ಸಿಕ್ಕಿಕೊಳ್ಳುವುದು, ಇವೇ ಲಕ್ಷಣ. ಬಲವಂತ ಮಾಡಬೇಡಿ. ನೇರ ಜಾಗದಲ್ಲಿ ಸ್ಟೇರಿಂಗ್ ನೆಟ್ಟಗೆ ಇಟ್ಟು ನಾಲ್ಕೈದು ಮೀಟರ್ ರಿವರ್ಸ್ ಬನ್ನಿ, ಮುರಿಗೆ ಬಿಚ್ಚಿ ಲಿವರ್ ತಾನೇ ಬರುತ್ತದೆ. ಸುಬಾರುವಿನಂಥ ಸೆಂಟರ್ ಡಿಫ್ ಅಥವಾ ಕ್ಲಚ್ ಇರುವ ಪದ್ಧತಿಗೆ ಈ ಕಾಟ ಇಲ್ಲ. ಮಳೆಯ ಘಟ್ಟಕ್ಕೆ ನಿಜಕ್ಕೂ ಹೇಳಿ ಮಾಡಿಸಿದ್ದು ಅದೇ, ಆದರೆ ಅದರಲ್ಲಿ ಸಾಮಾನ್ಯವಾಗಿ ಲೋ ರೇಂಜ್ ಇರುವುದಿಲ್ಲ.

ಬ್ರೇಕ್ ಹಾಕುವಾಗಲಂತೂ ಎಲ್ಲ ಕಾರಿಗೂ ನಾಲ್ಕೇ ಚಕ್ರ. ಫೋರ್ ಬೈ ಫೋರ್ ಬೇಗ ನಿಲ್ಲುವುದಿಲ್ಲ, 70ರಿಂದ 100 ಕೆ.ಜಿ. ಹೆಚ್ಚು ಹೊತ್ತಿರುತ್ತದೆ ಅಷ್ಟೇ. ಘಟ್ಟಕ್ಕೆ ಬೇಕಾದದ್ದು ಒಳ್ಳೆ ಟೈರ್, ತಕ್ಕ ಗೇರ್.

ಹಳ್ಳದ 45 ಸೆ.ಮೀ. ಥಾರ್‌ಗೆ ಕಷ್ಟ ಅಲ್ಲ, ಕಲ್ಲು ತಳ ಬೇರೆ. ಫೋರ್ ಬೈ ಫೋರ್ ಥಾರ್‌ಗೆ ಕಂಪನಿ ಹೇಳುವ ಮಿತಿ 65 ಸೆ.ಮೀ. ಆದರೆ ಬಿಸಿ ಆ್ಯಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಹೀರುತ್ತದೆ. ಆ್ಯಕ್ಸಲ್‌ನ ಬ್ರೀದರ್ (ಗಾಳಿಯಾಡುವ) ಪೈಪ್ ಎತ್ತರಕ್ಕೆ ಒಯ್ದು ಕಟ್ಟಿಸಿ. ಮಳೆಗಾಲ ಮುಗಿದ ಮೇಲೆ ಡಿಫ್‌ನ ಪ್ಲಗ್ ಬಿಚ್ಚಿ ನೋಡಿ, ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ, ಕಿ.ಮೀ. ಲೆಕ್ಕ ನೋಡದೆ ಬದಲಿಸಿ. ಟೂ ವೀಲ್‌ಗೆ ನೋಡಬೇಕಾದ್ದು ಹಿಂದಿನ ಡಿಫ್ ಒಂದೇ, ಫೋರ್ ಬೈ ಫೋರ್‌ಗೆ ಮುಂದಿನದು, ಟ್ರಾನ್ಸ್‌ಫರ್ ಕೇಸ್ ಸೇರಿ ಮೂರು.

ಚಿರೇಕಲ್ಲು

20 ಮೀಟರ್ ಅಂದಿರಿ. ಹಾಗಾದರೆ ಗಾಡಿಯ ಮಾತು ಬಿಡಿ, ದಾರಿಯ ಮಾತಾಡೋಣ. ಮೇಲೆ ಕೆಳಗೆ 5 ಮೀಟರ್ ಸೇರಿಸಿ 30 ಮೀಟರಿಗೆ ಎರಡು ಸಿಮೆಂಟ್ ಗಾಲಿಪಟ್ಟಿ ಹಾಕಿಸಿ. ಪಟ್ಟಿ ಅಗಲ 60 ಸೆ.ಮೀ., ದಪ್ಪ 12.5 ಸೆ.ಮೀ., ನಡುವೆ ಬಿಡುವು 85 ಸೆ.ಮೀ. ಒಟ್ಟು ನಾಲ್ಕೂವರೆ ಘನ ಮೀಟರ್ ಕಾಂಕ್ರೀಟ್. 1:1.5:3ರ ಹದಕ್ಕೆ ಘನ ಮೀಟರಿಗೆ 8 ಚೀಲದಂತೆ 36 ಚೀಲ ಸಿಮೆಂಟ್. ನಾಲ್ಕು ಮೀಟರಿಗೊಂದು ಜಾಯಿಂಟ್. ಹಸಿ ಇರುವಾಗಲೇ ಅಡ್ಡಕ್ಕೆ, ಬೆರಳಗಲದ ಗೀರು ಎಳೆಯಬೇಕು, ನುಣುಪು ಮಾಡಲು ಬಿಡಬೇಡಿ, ಮೇಸ್ತ್ರಿಗಳಿಗೆ ನುಣುಪು ಮಾಡುವುದೇ ಚಟ. 14 ದಿನ ನೀರು ಹಾಕಬೇಕು, ಹಾಗಾಗಿ ಹಳ್ಳದಲ್ಲಿ ನೀರು ಇರುವಾಗಲೇ, ಫೆಬ್ರುವರಿ ಒಳಗೆ ಮುಗಿಸಿ. ಪಟ್ಟಿಯ ಅಂಚಿಗೆ ಚಿರೇಕಲ್ಲಿನ ತುಂಡು ತುಂಬಿ ಸಮ ಮಾಡಿ. ಇಲ್ಲದಿದ್ದರೆ ಚಕ್ರ ಅಂಚಿನಿಂದ ಜಾರಿ ಟೈರಿನ ಪಕ್ಕೆ ಕೊಯ್ಯುತ್ತದೆ.

ಒದ್ದೆ ಕಾಂಕ್ರೀಟಿನ ಹಿಡಿತ 0.55 ಅಂದುಕೊಂಡು ಮೇಲಿನವರ ಲೆಕ್ಕವನ್ನೇ ಹಾಕಿದರೆ ಹಿಂಚಕ್ರದ ಖಾಲಿ ಗಾಡಿ ಶೇ 32 ಹತ್ತುತ್ತದೆ. ಜೇಡಿಯ ಮೇಲೆ ಫೋರ್ ಬೈ ಫೋರ್ ಹತ್ತುವುದು 30. ಉಳಿದ ಶೇ 10–13ರ ಏರಿಗೆ ಸ್ವಲ್ಪ ಜಲ್ಲಿ ಮತ್ತು ಆಲ್ ಟೆರೇನ್ ಟೈರ್, ಜೋರು ಮಳೆಯ ದಿನ ಸರಪಳಿ.

ಎರಡು ಎಚ್ಚರಿಕೆ. ದಾರಿ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯ) ಜಾಗದಲ್ಲಿ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸಿಮೆಂಟ್ ಮುಟ್ಟಬೇಡಿ. ಮತ್ತೆ ಧರೆಯ ನೆರಳಿನಲ್ಲಿ ಎರಡನೇ ಮಳೆಗಾಲಕ್ಕೇ ಹಾವಸೆ ಕಟ್ಟುತ್ತದೆ, ಆಗ 0.55 ಎಲ್ಲಿಯ ಮಾತು, ಜೇಡಿಗಿಂತ ಕಡೆ. ತಂತಿ ಬ್ರಷ್‌ನಿಂದ ಉಜ್ಜಿ ಬ್ಲೀಚಿಂಗ್ ಪುಡಿ ಹಾಕುವುದು, ದರಕು ಗುಡಿಸುವುದು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆಗಬೇಕು. ತೋಟದ ಕೆಲಸದವರಿಗೆ ಹೇಳಿಟ್ಟರೆ ಆಗುತ್ತದೆ, ಮರೆತರೆ ಇಳಿಯುವಾಗ ನೆನಪಾಗುತ್ತದೆ.

ಕಾಳಿ ಸಂಗಮ

ಅನುಮತಿ ಸಿಗದಿದ್ದರೆ ಫೋರ್ ಬೈ ಫೋರ್, ಸಿಕ್ಕರೆ 1.5 ಡೀಸೆಲ್ ಟೂ ವೀಲ್. ತೆರಿಗೆ ಉಳಿಸಿದ ದುಡ್ಡಿನಲ್ಲಿ 36 ಚೀಲ ಸಿಮೆಂಟ್ ಬಂದೇ ಬರುತ್ತದೆ. ರಸ್ತೆ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಗಾಡಿಗೆ ಶೇ 14, ಅದು ದಾಟಿ 20 ಲಕ್ಷದವರೆಗೆ ಶೇ 17, ಈ ತೆರಿಗೆಯ ಮೇಲೆ ಸೆಸ್ ಬೇರೆ. ವೇರಿಯಂಟ್ ಆಯುವಾಗ ಅಲಾಯ್ ಚಕ್ರ, ದೊಡ್ಡ ಪರದೆ ಅಂತ ಆ 10 ಲಕ್ಷದ ಗೆರೆ ದಾಟಬೇಡಿ. ಹಿಂದಿನ ಆ್ಯಕ್ಸಲ್‌ಗೆ ಲಾಕಿಂಗ್ ಡಿಫರೆನ್ಷಿಯಲ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವುದು) ಸಿಗುವುದಾದರೆ ಅದಕ್ಕೆ ಮಾತ್ರ ದಾಟಿ. ಓಪನ್ ಡಿಫ್ ಆದರೆ ಒಂದು ಹಿಂಚಕ್ರ ಹೊಂಡದಲ್ಲಿ ತಿರುಗತೊಡಗಿದ ಕೂಡಲೇ ಇನ್ನೊಂದು ಕೈಕಟ್ಟಿ ಕೂರುತ್ತದೆ, ಟೂ ವೀಲ್ ಅಂತ ದುಡ್ಡು ಕೊಟ್ಟವರಿಗೆ ಸಿಗುವುದು ಒಂದೇ ವೀಲ್.